ಒಳಮೈಯ ಮೊಲ

ಡ್ರೆಸ್ಡೆನ್ನಿನಲ್ಲಿ ಶನಿವಾರ ಬೆಳಗಾಗುವಷ್ಟರಲ್ಲಿ ಎಲ್ಬೆ ನದಿಯ ದಂಡೆಯಲ್ಲಿ, ಆಲ್ಬರ್ಟ್ ಸೇತುವೆಯ ಮಗ್ಗುಲಿಗೆ, ಹಳೇ ಸಾಮಾನಿನ ಸಂತೆ ನೆರೆದಿರುತ್ತದೆ. ಈಸ್ಟರ್ ಹಬ್ಬಕ್ಕೆ ಇನ್ನೆರಡು ವಾರ ಇತ್ತು. ನದಿಯ ಗಾಳಿ ಕಿವಿಗೆ ನುಗ್ಗದಂತೆ ಶಾಲು ಬಿಗಿದುಕೊಂಡು ನಾನೊಂದು ರಟ್ಟಿನ ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಡಬ್ಬದ ತುಂಬ ತಗಡಿನ ಮೊಲಗಳು. ಮೊಲ ಅನ್ನುವುದಕ್ಕಿಂತ ಅರೆಮೊಲ ಅನ್ನಬೇಕು: ಒಂದೇ ಕಣ್ಣು, ಒಂದೇ ಕಿವಿ, ಒಂದೇ ಮುಂಗಾಲು, ಅದೂ ಉಬ್ಬಬೇಕಾದ ಕಡೆಯೆಲ್ಲ ತಗ್ಗು. ಚಾಕೊಲೇಟ್ ಎರೆಯುವ ಹಳೇ ಅಚ್ಚುಗಳು.

“ಅತ್ತೆ, ಕೈ ಮರಗಟ್ಟುತ್ತೆ. ಬನ್ನಿ, ಕಾಫಿ ಕುಡಿಯೋಣ” ಎಂದು ಅಣ್ಣನ ಮಗ ಎರಡನೇ ಸಲ ಕರೆದ.

“ಇನ್ನೂ ಜೋಡಿ ಸಿಕ್ಕಿಲ್ಲ, ಇರೋ.”

ಅವನಿಗೆ ಈ ಊರಿನ ಚಿಪ್ ಕಾರ್ಖಾನೆಯೊಂದರಲ್ಲಿ ಕೆಲಸ. ಧೂಳಿನ ಕಣವೂ ಸುಳಿಯಬಾರದ ಕೋಣೆಯಲ್ಲಿ ವಾರವಿಡೀ ದುಡಿದು ಬರುವ ಹುಡುಗನಿಗೆ, ನೂರು ವರ್ಷದ ತುಕ್ಕಿನೊಳಗೆ ಕೈಯಾಡಿಸುತ್ತ ಕೂತ ಅತ್ತೆ ವಿಚಿತ್ರವಾಗಿ ಕಂಡಿದ್ದರೆ ತಪ್ಪಿಲ್ಲ.

ಈ ಹುಚ್ಚು ನನಗೆ ಅಂಟಿದ್ದು ಸಂಕ್ರಾಂತಿಯಿಂದ. ನಮ್ಮಜ್ಜಿಯ ಟ್ರಂಕಿನಲ್ಲಿ ಸಕ್ಕರೆ ಅಚ್ಚಿನ ಮರದ ಅಚ್ಚುಗಳಿದ್ದವು. ಮಾಡುವ ಸಾಧನಕ್ಕೂ ಅಚ್ಚು ಎಂದೇ ಹೆಸರು, ಮಾಡಿದ ತಿಂಡಿಗೂ ಅಚ್ಚು ಎಂದೇ ಹೆಸರು. ಇದು ನಮ್ಮ ಭಾಷೆಯ ಉಳಿತಾಯ ಬುದ್ಧಿ. ಹಬ್ಬಕ್ಕೆ ವಾರ ಇರುವಾಗ ಅವು ಕೆಳಗಿಳಿದು ರಾತ್ರಿಯಿಡೀ ನೀರಿನಲ್ಲಿ ನೆನೆಯುತ್ತಿದ್ದವು. ಮರ ನೀರು ಕುಡಿದಿದ್ದರೆ ಸಕ್ಕರೆ ಅಂಟುವುದಿಲ್ಲ. ಬೆಳಿಗ್ಗೆ ಎರಡು ಹೋಳನ್ನು ಸೇರಿಸಿ ದಾರ ಸುತ್ತಿ, ಪಾಕ ಬೆಳ್ಳಗಾಗುವವರೆಗೆ ತಿರುವಿ, ಅಚ್ಚಿನ ಬಾಯಿಗೆ ಹೊಯ್ಯುವುದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರದ ಮರದ ತುಂಡುಗಳು. ಯಾವುದರೊಳಗೆ ಆನೆ, ಯಾವುದರೊಳಗೆ ತುಳಸಿ ಬೃಂದಾವನ ಎಂದು ಬಿಚ್ಚಿದರೆ ಮಾತ್ರ ಗೊತ್ತು. ಜೋಡಿ ತಪ್ಪದಿರಲೆಂದು ಅಜ್ಜಿ ಅಂಚಿನಲ್ಲಿ ಈಳಿಗೆಮಣೆಯಿಂದ ಗೀರು ಹಾಕಿದ್ದಳು. ಒಂದು ಗೀರಿಗೆ ಒಂದು ಗೀರು, ಮೂರಕ್ಕೆ ಮೂರು. ಒಂದು ವರ್ಷ ನಾನು ಗೀರು ನೋಡದೆ ಕಟ್ಟಿ, ಒಂದು ಬದಿ ಬೃಂದಾವನ, ಇನ್ನೊಂದು ಬದಿ ಆನೆ ಆಗಿ ಹೊರಬಂತು. ಅಜ್ಜಿ ಬೈಯಲಿಲ್ಲ. “ಬೆನ್ನು ನೋಡಿ ಕಟ್ಟಿದೀಯ. ಅಚ್ಚಿಗೆ ಹೊಟ್ಟೆ ನೋಡಬೇಕು” ಎಂದಳು, ಅಷ್ಟೆ. ಆ ಆನೆ-ಬೃಂದಾವನವನ್ನು ಎಳ್ಳು ಬೀರಲು ಯಾರ ಮನೆಗೂ ಕಳಿಸುವಂತಿರಲಿಲ್ಲ, ನನ್ನ ಬಾಯಿಗೇ ಬಂತು.

ಹೊಟ್ಟೆ ನೋಡಬೇಕು ಎನ್ನುವ ಮಾತನ್ನು ನಲವತ್ತು ವರ್ಷದ ಮೇಲೆ ಅಮೆರಿಕದಲ್ಲಿ ಮರೆತೆ. ಅದಕ್ಕೆ ತೆತ್ತ ದಂಡ ನಲವತ್ತು ಡಾಲರ್.

ಮಗಳು ಆಗ ಮಸಾಚುಸೆಟ್ಸ್‌ನಲ್ಲಿದ್ದಳು. ಅಲ್ಲಿನ ಬ್ರಿಮ್‌ಫೀಲ್ಡ್ ಎಂಬ ಸಣ್ಣ ಊರಿನ ಹೆದ್ದಾರಿಯ ಎರಡೂ ಬದಿಯ ಹೊಲಗಳಲ್ಲಿ, 1959ರಿಂದ, ಹಳೇ ವಸ್ತುಗಳ ದೊಡ್ಡ ಜಾತ್ರೆ ನಡೆಯುತ್ತದೆ. ಮೇ, ಜುಲೈ, ಸೆಪ್ಟೆಂಬರ್, ವರ್ಷಕ್ಕೆ ಮೂರು ಸಲ. ಜಾತ್ರೆಯ ಹಿಂದಿನ ದಿನ ಇನ್ನೆಲ್ಲೋ ದಾರಿ ಬದಿಯ ಅಂಗಡಿಯೊಂದರಲ್ಲಿ ಟರ್ಕಿ ಕೋಳಿಯ ಆಕಾರದ ಐಸ್‌ಕ್ರೀಮ್ ಅಚ್ಚು ಕಂಡಿತು. ಅಂಗೈಯಗಲ, ಬೂದು ಬಣ್ಣ, ಪುಸ್ತಕದಂತೆ ತೆರೆದುಕೊಳ್ಳುತ್ತದೆ. ಹೊರಗೆ ಚೆನ್ನಾಗಿ ಕಪ್ಪಾಗಿತ್ತು. ಕಪ್ಪು ಕಂಡರೆ ಹಳೆಯದು ಎಂದು ನಂಬುವವರ ಸಾಲಿಗೆ ನಾನೂ ಸೇರಿದೆ. ಕೊಂಡು, ಚೀಲದಲ್ಲಿಟ್ಟುಕೊಂಡೇ ಮರುದಿನ ಜಾತ್ರೆಗೆ ಹೋದೆ.

ಅಲ್ಲಿ ಬರೀ ಅಚ್ಚುಗಳನ್ನೇ ಹರವಿಕೊಂಡು ಒಬ್ಬ ಮುದುಕಿ ಕೂತಿದ್ದಳು. ಹೆಮ್ಮೆಯಿಂದ ನನ್ನ ಟರ್ಕಿಯನ್ನು ತೆಗೆದು ತೋರಿಸಿದೆ. ಅವಳು ಅದರ ಹೊರಮೈಯನ್ನು ನೋಡಲೇ ಇಲ್ಲ. ತೆರೆದು, ಬಿಸಿಲಿಗೆ ಓರೆಯಾಗಿ ಹಿಡಿದು, ತನ್ನ ಮೇಜಿನ ಮೇಲಿನ ಇನ್ನೊಂದು ಟರ್ಕಿಯನ್ನು ತೆಗೆದು ಪಕ್ಕದಲ್ಲಿಟ್ಟಳು. ಎರಡೂ ಒಂದೇ ಮಾದರಿ, ಒಂದೇ ಸಂಖ್ಯೆ. ಆದರೆ ಅವಳದರ ಒಳಗಿನ ಗರಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು, ನನ್ನದರಲ್ಲಿ ಗರಿಗಳು ಒದ್ದೆ ಬಟ್ಟೆಯ ಮಡಿಕೆಯಂತೆ ಮಸುಕಾಗಿದ್ದವು. ಆಮೇಲೆ ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿದಳು. ನನ್ನ ಕೋಳಿ ತುಸು ಚಿಕ್ಕದು.

ಕಾರಣ ಸರಳ. ಅಸಲಿ ಅಚ್ಚನ್ನೇ ಮಾದರಿಯಾಗಿಟ್ಟುಕೊಂಡು ಮರಳಿನಲ್ಲೋ ರಬ್ಬರಿನಲ್ಲೋ ಪಡಿಯಚ್ಚು ತೆಗೆದು, ಹೊಸ ಲೋಹ ಎರೆಯುತ್ತಾರೆ. ಲೋಹ ತಣಿಯುವಾಗ ಕುಗ್ಗುತ್ತದೆ. ಹಾಗಾಗಿ ನಕಲು ಯಾವತ್ತೂ ಅಸಲಿಗಿಂತ ಕೂದಲೆಳೆ ಸಣ್ಣದು, ಸೂಕ್ಷ್ಮ ಗೆರೆಗಳು ತುಂಬಿಹೋಗಿರುತ್ತವೆ. ತಯಾರಕರ ಮುದ್ರೆಯೂ ಹಾಗೇ ನಕಲಾಗಿ ಬರುತ್ತದೆ, ಆದರೆ ಉಳಿಯಿಂದ ಹೊಡೆದ ಚೂಪು ಹೋಗಿ ಸೋಪಿನ ಮೇಲೆ ಒತ್ತಿದಂತಿರುತ್ತದೆ. ನನ್ನದರ ಮೇಲೆ ‘ಇ ಆ್ಯಂಡ್ ಕೋ. ಎನ್.ವೈ.’ ಎಂದಿತ್ತು, ನ್ಯೂಯಾರ್ಕಿನ ಎಪಲ್‌ಶೈಮರ್ ಕಂಪನಿಯ ಗುರುತು. ಅಮೆರಿಕದ ಅಚ್ಚುಗಳಲ್ಲಿ ಅದು, ಶಾಲ್ ಕಂಪನಿಯ ‘ಎಸ್ ಆ್ಯಂಡ್ ಕೋ.’, ಕ್ರಾಸ್ ಕಂಪನಿಯ ‘ಕೆ’, ಇವು ಹೆಚ್ಚಾಗಿ ಸಿಗುವವು. ಮುದ್ರೆ ಇದೆಯಲ್ಲ ಎಂದೇ ನಾನು ಧೈರ್ಯ ಮಾಡಿದ್ದು. ಮುದುಕಿ ಬಿಜಾಗರಿಯ ಕಡ್ಡಿಯನ್ನು ಉಗುರಿನಿಂದ ತಟ್ಟಿ ತೋರಿಸಿದಳು. ಮೈಯೆಲ್ಲ ಕಪ್ಪಾದ ಕೋಳಿಗೆ ಕೀಲಿನ ಕಡ್ಡಿ ಮಾತ್ರ ನಿನ್ನೆ ತಂದ ಮೊಳೆಯಂತೆ ಹೊಳೆಯುತ್ತಿತ್ತು.

“ಅಮ್ಮ, ವಾಪಸ್ ಕೊಟ್ಟುಬಿಡೋಣ” ಎಂದಳು ಮಗಳು. ಬೇಡವೆಂದೆ. ಗುರುದಕ್ಷಿಣೆ ಅಂದುಕೊಂಡೆ. ಅದು ಈಗಲೂ ನಮ್ಮ ಮನೆಯಲ್ಲಿ ರದ್ದಿ ಪೇಪರಿನ ಮೇಲೆ ಭಾರವಾಗಿ ಕೂತಿದೆ.

ಆ ದಿನ ಮಧ್ಯಾಹ್ನದವರೆಗೆ ಅವಳ ಪಕ್ಕದಲ್ಲೇ ಕೂತೆ. ಅವಳು ಅಚ್ಚನ್ನು ಕೈಯಲ್ಲಿ ತೂಗುವ ರೀತಿಯೇ ಬೇರೆ. ಐಸ್‌ಕ್ರೀಮ್ ಅಚ್ಚು ಪ್ಯೂಟರ್‌ನದು. ಎಂದರೆ ಹೆಚ್ಚಿನ ಪಾಲು ತವರ, ಹಳೆಯವುಗಳಲ್ಲಿ ಅದಕ್ಕೆ ಸೀಸ ಬೆರೆಸಿರುತ್ತದೆ. ಎರಕದ್ದಾದ್ದರಿಂದ ಗೋಡೆ ದಪ್ಪ, ಗಾತ್ರಕ್ಕೆ ಮೀರಿದ ಭಾರ, ಬೆರಳ ಗಂಟಿನಿಂದ ಕುಟ್ಟಿದರೆ ಮಂಕು ಸದ್ದು. ಅಯಸ್ಕಾಂತ ಹಿಡಿಯುವುದಿಲ್ಲ. ಚಾಕೊಲೇಟ್ ಅಚ್ಚು ಹಾಗಲ್ಲ. ಅದು ತವರ ಬಳಿದ ಉಕ್ಕಿನ ತಗಡು, ಒತ್ತಿ ಮಾಡಿದ್ದು. ಹಗುರ, ಕಣಕಣ ಅನ್ನುತ್ತದೆ, ಅಯಸ್ಕಾಂತ ಟಪ್ಪನೆ ಕಚ್ಚುತ್ತದೆ. ಸೀಸ ಜಾಸ್ತಿಯಿದ್ದ ಪ್ಯೂಟರನ್ನು ಬಿಳಿ ಕಾಗದದ ಮೇಲೆ ಎಳೆದರೆ ಪೆನ್ಸಿಲಿನಂತೆ ಗೆರೆ ಮೂಡುತ್ತದೆ. ಅವಳು ಎಳೆದು ತೋರಿಸಿ, “ಇದರಲ್ಲಿ ಏನೂ ಮಾಡಿ ತಿನ್ನಬೇಡ” ಎಂದು ನನ್ನತ್ತ ಬೆರಳು ಆಡಿಸಿದಳು. ನಮ್ಮ ಅತ್ತೆಯವರೂ ಹಾಗೇ ಬೆರಳು ಆಡಿಸುತ್ತಿದ್ದರು.

ಎರಡು ಅಚ್ಚಿಗೆ ಎರಡು ಲೋಹ ಯಾಕೆ ಎಂಬುದು ಅಡುಗೆಮನೆಯ ತರ್ಕ. ಫ್ರಿಜ್ ಬರುವ ಮೊದಲು ಐಸ್‌ಕ್ರೀಮ್ ಗಟ್ಟಿ ಮಾಡುತ್ತಿದ್ದುದು ಉಪ್ಪು ಬೆರೆಸಿದ ಮಂಜುಗಡ್ಡೆಯಲ್ಲಿ ಹೂತಿಟ್ಟು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಸುವ ಆ ಉಪ್ಪುನೀರು ಉಕ್ಕಿನ ತಗಡನ್ನು ವಾರದಲ್ಲಿ ತಿಂದುಹಾಕುತ್ತದೆ; ಪ್ಯೂಟರಿಗೆ ಏನೂ ಆಗುವುದಿಲ್ಲ. ಅರೆಗಟ್ಟಿ ಐಸ್‌ಕ್ರೀಮನ್ನು ಎರಡೂ ಹೋಳಿಗೆ ಒತ್ತಿ ತುಂಬಿ, ಮುಚ್ಚಿ, ಸಂದಿಗೆ ಹಂದಿ ಕೊಬ್ಬು ಮೆತ್ತಿ, ಕಾಗದ ಸುತ್ತಿ ಹೂಳುತ್ತಿದ್ದರು. ಒಂದು ಹನಿ ಉಪ್ಪುನೀರು ಒಳಗೆ ಇಳಿದರೂ ಕೆಲಸ ಕೆಟ್ಟಿತು. ಅದಕ್ಕೇ ಒಳ್ಳೆಯ ಐಸ್‌ಕ್ರೀಮ್ ಅಚ್ಚು ಮುಚ್ಚಿದಾಗ ತುಟಿ ಬಿಗಿದ ಹಾಗೆ ಕೂರುತ್ತದೆ, ಎತ್ತಿ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣುವುದಿಲ್ಲ. ನನ್ನ ಟರ್ಕಿಯ ಕೊಕ್ಕಿನ ಬಳಿ ಬೆಳಕು ಧಾರಾಳವಾಗಿ ಬರುತ್ತಿತ್ತು.

ಈ ಮಸಾಚುಸೆಟ್ಸ್‌ನ ಕೆರೆಗಳ ಮಂಜುಗಡ್ಡೆಯೇ ಒಂದು ಕಾಲಕ್ಕೆ ನಮ್ಮ ದೇಶಕ್ಕೂ ಬರುತ್ತಿತ್ತು. ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ 1833ರಲ್ಲಿ ಬಾಸ್ಟನ್ನಿನಿಂದ ಕಲ್ಕತ್ತೆಗೆ 180 ಟನ್ ಮಂಜುಗಡ್ಡೆಯನ್ನು ಹಡಗಿನಲ್ಲಿ ಹೊರಡಿಸಿದ. ನಾಲ್ಕು ತಿಂಗಳ ಬಿಸಿಲು ದಾಟಿ ಸುಮಾರು 100 ಟನ್ ಕರಗದೆ ಮುಟ್ಟಿತು. ಮದರಾಸಿನ ಕಡಲ ದಂಡೆಯ ಐಸ್ ಹೌಸ್ ಅದೇ ವ್ಯಾಪಾರದ್ದು. ಅಂಥ ಮಂಜುಗಡ್ಡೆಯ ಕಾಲದಲ್ಲಿ ಐಸ್‌ಕ್ರೀಮಿಗೆ ಆಕಾರ ಕೊಡುವುದೆಂದರೆ ಸಣ್ಣ ಗತ್ತಲ್ಲ. ಲಂಡನ್ನಿನಲ್ಲಿ ಆಗ್ನೆಸ್ ಮಾರ್ಷಲ್ ಎಂಬಾಕೆ 1885ರಲ್ಲಿ ಐಸ್‌ಕ್ರೀಮಿನದೇ ಒಂದು ಪುಸ್ತಕ ಬರೆದು, ಅಡುಗೆ ಶಾಲೆ ನಡೆಸಿ, ಜೊತೆಗೆ ಅಚ್ಚುಗಳನ್ನೂ ಮಾರುತ್ತಿದ್ದಳು. ಶತಾವರಿ ಸೊಪ್ಪಿನ ಕಡ್ಡಿಯ ಆಕಾರದ ಐಸ್‌ಕ್ರೀಮ್ ಅಚ್ಚುಗಳೂ ಆ ಕಾಲದಲ್ಲಿದ್ದವು. ಪಲ್ಯ ಬಡಿಸಿದರೆಂದು ಬಾಯಿಗಿಟ್ಟರೆ ಅದು ಐಸ್‌ಕ್ರೀಮ್. ಶ್ರೀಮಂತರ ತಮಾಷೆ.

ಚಾಕೊಲೇಟಿಗೆ ಈ ಉಪ್ಪಿನ ರಗಳೆ ಇಲ್ಲ. ಅದಕ್ಕೆ ಬೇಕಾದ್ದು ಕನ್ನಡಿಯಂಥ ಒಳಮೈ. ಹದ ಸರಿಯಿದ್ದ ಚಾಕೊಲೇಟ್ ಗಟ್ಟಿಯಾಗುವಾಗ ಕೊಂಚ ಕುಗ್ಗಿ ತಾನಾಗಿ ಅಚ್ಚು ಬಿಡುತ್ತದೆ, ಬಿಡುವಾಗ ಅಚ್ಚಿನ ಹೊಳಪನ್ನು ಮೈಮೇಲೆ ಹೊತ್ತುಕೊಂಡು ಬರುತ್ತದೆ. ಒಳಗೆ ಒಂದು ಗೀರು ಬಿದ್ದಿದ್ದರೆ ಅಲ್ಲಿಂದ ಮುಂದೆ ಹುಟ್ಟುವ ಪ್ರತಿ ಮೊಲದ ಮೈಯಲ್ಲೂ ಅದೇ ಗೀರು. ಆದ್ದರಿಂದ ಕೆಲಸಗಾರರು ಒಳಗೆ ಹತ್ತಿ ಬಿಟ್ಟು ಬೇರೇನೂ ಆಡಿಸುತ್ತಿರಲಿಲ್ಲ. ನಿಜವಾಗಿ ದುಡಿದ ಚಾಕೊಲೇಟ್ ಅಚ್ಚು ಗೊತ್ತಾಗುವುದು ಇಲ್ಲೇ: ಹೊರಗೆ ತುಕ್ಕು, ಒಳಗೆ ನುಣುಪು. ಬುಡದ ಬಾಯಂಚಿನಲ್ಲಿ, ಮಿಕ್ಕ ಚಾಕೊಲೇಟನ್ನು ಕೆರೆದು ತೆಗೆದ ಕಡೆ, ಸಣ್ಣ ಸಣ್ಣ ಗೆರೆಗಳು. ಕ್ಲಿಪ್ಪು ಕಚ್ಚಿ ಕಚ್ಚಿ ತವರ ಸವೆದ ಜಾಗದಲ್ಲಿ ಮಾತ್ರ ಕೆಂಪು. ಅಂಗಡಿಯಲ್ಲಿ ಅಲಂಕಾರಕ್ಕೆಂದು ಮಾಡಿದ ಹೊಸದರಲ್ಲಿ ಇದು ತಿರುಗುಮುರುಗು. ಆಮ್ಲದಲ್ಲಿ ಅದ್ದಿ ತುಕ್ಕು ಹಿಡಿಸಿದ್ದರಿಂದ ಒಳಗೂ ಹೊರಗೂ ಒಂದೇ ಸಮನೆ ಕೆಂಪಾಗಿರುತ್ತದೆ. ಮುಪ್ಪು ಹಾಗೆ ಒಂದೇ ಸಮನೆ ಬರುವುದಿಲ್ಲ ಎಂದು ಮೊಣಕಾಲು ನೋವಿರುವ ಯಾರಿಗಾದರೂ ಗೊತ್ತು.

ತವರ ಬಳಿದ ತಗಡು ಎಂದೊಡನೆ ನನಗೆ ನೆನಪಾಗುವುದು ಕಲಾಯಿ. ಬೀದಿಯಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಕಾದ ಹಿತ್ತಾಳೆ ಪಾತ್ರೆಗೆ ನವಸಾಗರ ಎರಚಿ, ತವರದ ಕಡ್ಡಿ ತಾಗಿಸಿ, ಬಟ್ಟೆಯಲ್ಲಿ ಒಂದೇ ಸುತ್ತು ಸುತ್ತಿಸಿದರೆ ಒಳಮೈ ಬೆಳ್ಳಿಯಾಗುತ್ತಿತ್ತು. ಮೂಗಿಗೆ ಅಡರುವ ಆ ಹೊಗೆಯ ಮಧ್ಯೆ ನಿಂತು ನೋಡಿದವರಿಗೆ ತವರ ಎಲ್ಲಿದೆ, ಎಲ್ಲಿ ಸವೆದಿದೆ ಎಂದು ಹೇಳಿಕೊಡಬೇಕಾಗಿಲ್ಲ.

ಡ್ರೆಸ್ಡೆನ್ನಿಗೆ ಬಂದದ್ದು ಆಂಟನ್ ರೈಷೆಯ ಸಲುವಾಗಿ, ಅಣ್ಣನ ಮಗನನ್ನು ನೋಡುವುದು ಒಂದು ನೆಪ. (ಅವನಿಗೆ ಹೇಳಿಲ್ಲ.) ಚಾಕೊಲೇಟಿನ ತಗಡು ಅಚ್ಚಿನ ಹಳೇ ಮನೆತನ ಪ್ಯಾರಿಸ್ಸಿನ ಲೆತಾಂಗ್, 1832ರದು. ಅದರ ಕೆಲಸವನ್ನು ಪ್ಯಾರಿಸ್ಸಿನಲ್ಲೇ ಕಂಡು ಬಂದ ತಗಡು ಕೆಲಸದ ಹುಡುಗ ರೈಷೆ, 1870ರಲ್ಲಿ, ಇಪ್ಪತ್ತೈದನೇ ವಯಸ್ಸಿನಲ್ಲಿ, ಡ್ರೆಸ್ಡೆನ್ನಿನಲ್ಲಿ ತನ್ನದೇ ಕಾರ್ಖಾನೆ ಹೂಡಿದ. ಊರೂ ತಕ್ಕ ಊರೇ. ಇಲ್ಲಿನ ಯೋರ್ಡಾನ್ ಉಂಟ್ ಟಿಮೇಯುಸ್ ಕಾರ್ಖಾನೆ 1823ರಿಂದ ಚಾಕೊಲೇಟ್ ಮಾಡುತ್ತಿತ್ತು. 1839ರಲ್ಲಿ ಕತ್ತೆ ಹಾಲು ಬೆರೆಸಿದ ಚಾಕೊಲೇಟ್ ಸಿಗುತ್ತದೆಂದು ಜಾಹೀರಾತು ಕೊಟ್ಟಿತ್ತು. ನಮ್ಮ ಬೀದಿಗಳಲ್ಲಿ ‘ಕತ್ತೆ ಹಾಲೂ’ ಎಂದು ಕೂಗುತ್ತ ಕತ್ತೆಯನ್ನೇ ಮನೆಬಾಗಿಲಿಗೆ ಹೊಡೆದುಕೊಂಡು ಬರುವವರಿಗೆ ಈ ಸುದ್ದಿ ಮುಟ್ಟಿಸಬೇಕು. ರೈಷೆಯ ಮೊಲಗಳು, ಸಾಂತಾಕ್ಲಾಸ್‌ಗಳು, ಮೊಟ್ಟೆಗಳು ಇಲ್ಲಿಂದ ಸಮುದ್ರ ದಾಟಿದವು. ಅಮೆರಿಕಕ್ಕೆ ಹೋದವುಗಳ ಮೇಲೆ ಹಲವು ಸಲ ಅಲ್ಲಿನ ಆಮದುದಾರ ಟಿ.ಸಿ. ವೈಗಾಂಟ್‌ನ ಹೆಸರೂ ಇರುತ್ತದೆ. ಸರಕಿನ ಮೇಲೆ ಹುಟ್ಟಿದ ದೇಶದ ಹೆಸರು ಇರಲೇಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿತು. ಹಾಗಾಗಿ ಅಲ್ಲಿ ಸಿಗುವ ಅಚ್ಚಿನ ಮೇಲೆ ‘ಜರ್ಮನಿ’ ಎಂದು ಕಂಡರೆ ಸಾಮಾನ್ಯವಾಗಿ ಆ ವರ್ಷದ ಈಚಿನದು ಎನ್ನಬಹುದು. ಅದೇ ಮೈಮೇಲಿನ ಮಾದರಿ ಸಂಖ್ಯೆಯನ್ನು ಇಸವಿ ಎಂದು ಮಾತ್ರ ಓದಬಾರದು. ಒಂದು ಮೊಲ ಚೆನ್ನಾಗಿ ಮಾರಾಟವಾದರೆ ಅದೇ ಸಂಖ್ಯೆಯ ಮೊಲವನ್ನು ದಶಕಗಟ್ಟಲೆ ಒತ್ತುತ್ತಿದ್ದರು. ಅದು ಮೊಲದ ಹೆಸರು, ಜಾತಕ ಅಲ್ಲ.

ಕಾರ್ಖಾನೆ ಇದ್ದದ್ದು ಪ್ಲೌಎನ್ ಬಡಾವಣೆಯಲ್ಲಿ. ಅದೇ ಹೆಸರಿನ ಇನ್ನೊಂದು ಪೇಟೆ ಇದೇ ರಾಜ್ಯದ ಇನ್ನೊಂದು ಮೂಲೆಯಲ್ಲಿದೆ, ಲೇಸಿಗೆ ಹೆಸರಾದದ್ದು. ರೈಲು ನಿಲ್ದಾಣದಲ್ಲಿ ಬರೀ ಪ್ಲೌಎನ್ ಎಂದು ಕೇಳಿ ನಾನು ಅಲ್ಲಿಗೇ ಟಿಕೆಟ್ ತೆಗೆಸುವುದರಲ್ಲಿದ್ದೆ. ಲೋಕಲ್ ರೈಲಿನಲ್ಲಿ ಹೋಗಿ, ವೈಸೆರಿಟ್ಸ್ ಎಂಬ ಸಣ್ಣ ಹೊಳೆಯ ಪಕ್ಕ ಅರ್ಧ ಗಂಟೆ ನಡೆದು ಬಂದೆ. ನೋಡುವಂಥದೇನೂ ಕಣ್ಣಿಗೆ ಬೀಳಲಿಲ್ಲ. ಆದರೂ ಹೋಗಬೇಕಿತ್ತು.

ನೋಡಿದ್ದೆಂದರೆ ಫ್ರೌಎನ್‌ಕಿರ್ಷೆ, ಊರ ನಡುವಿನ ದೊಡ್ಡ ಚರ್ಚು. 1945ರ ಫೆಬ್ರವರಿ 13ರ ರಾತ್ರಿ ಶುರುವಾದ ಬಾಂಬ್ ದಾಳಿಯಲ್ಲಿ ನಗರದ ನಡುಭಾಗ ಸುಟ್ಟುಹೋಯಿತು. ಎರಡು ದಿನ ನಿಂತಿದ್ದ ಈ ಚರ್ಚು ಆಮೇಲೆ ಕುಸಿಯಿತು. ನಲವತ್ತೈದು ವರ್ಷಕ್ಕೂ ಮೇಲೆ ಕಲ್ಲಿನ ರಾಶಿಯಾಗಿ ಬಿದ್ದಿದ್ದು, 2005ರಲ್ಲಿ ಮತ್ತೆ ಎದ್ದು ನಿಂತಿತು. ಸಿಕ್ಕ ಹಳೇ ಕಲ್ಲುಗಳನ್ನು ಹೊಸ ಕಲ್ಲುಗಳ ನಡುವೆ ಸೇರಿಸಿದ್ದಾರೆ. ಹೊಸವು ಗೋಧಿ ಬಣ್ಣ, ಹಳೆಯವು ಕಪ್ಪು.

“ಬೆಂಕಿಯ ಮಸಿ ಅತ್ತೆ, ನೋಡಿ” ಎಂದ ಹುಡುಗ. ಬಹಳ ಜನ ಹಾಗೇ ತಿಳಿದಿದ್ದಾರೆ. ಆದರೆ ಆ ಕಪ್ಪು ಬೆಂಕಿಯದಲ್ಲ. ಎಲ್ಬೆ ಕಣಿವೆಯ ಮರಳುಗಲ್ಲಿನಲ್ಲಿ ಕಬ್ಬಿಣದ ಅಂಶವಿದೆ. ಗಾಳಿ ಮಳೆಗೆ ಒಡ್ಡಿಕೊಂಡ ಕಲ್ಲು ತಾನಾಗಿ ಕಪ್ಪಾಗುತ್ತದೆ. ಹೊಸ ಕಲ್ಲುಗಳೂ ಮುಂದೊಂದು ದಿನ ಕಪ್ಪಾಗುತ್ತವೆ, ಆಗ ಯಾವುದು ಯಾವುದೋ ತಿಳಿಯುವುದಿಲ್ಲ. ಅವನು ಸ್ವಲ್ಪ ಹೊತ್ತು ಗೋಡೆಯನ್ನು ನೋಡಿ, “ಹಾಗಾದ್ರೆ ಫೋಟೋ ಈಗಲೇ ತೆಗೀಬೇಕು” ಎಂದು ತೆಗೆದ.

ಸಂತೆಯ ಡಬ್ಬಕ್ಕೆ ಬರುತ್ತೇನೆ. ತಳದವರೆಗೆ ಕೆದಕಿದ ಮೇಲೆ ಒಂದು ಹೋಳು ಕೈಗೆ ಬಂತು. ಗೇಣುದ್ದ, ಹಿಂಗಾಲ ಮೇಲೆ ಎದ್ದು ಕೂತ ಮೊಲ, ಬೆನ್ನಿಗೆ ಬುಟ್ಟಿ. ಹೊರಗೆಲ್ಲ ಕಾಫಿಪುಡಿ ಬಣ್ಣದ ತುಕ್ಕು. ತಿರುಗಿಸಿದೆ. ಒಳಗೆ, ನಮ್ಮಜ್ಜಿಯ ಕಲಾಯಿ ಹಾಕಿಸಿದ ಚೆಂಬಿನ ಹೊಟ್ಟೆಯಂತೆ, ನಸುಬಿಳಿ ಹೊಳಪು. ಮೊಲದ ಎದೆಯ ಕೂದಲು ಒಂದೊಂದೂ ಬೇರೆ ಬೇರೆ ಗೆರೆ, ಬುಟ್ಟಿಯ ಹೆಣಿಗೆಯಲ್ಲಿ ಒಂದು ಪಟ್ಟಿ ಮೇಲೆ ಹೋಗಿ ಒಂದು ಕೆಳಗೆ ನುಸುಳುವುದು ಕೂಡ ಕಾಣುತ್ತಿತ್ತು. ಕಣ್ಣಿನ ಗುಳಿಯ ಅಂಚಿನಲ್ಲಿ ರೆಪ್ಪೆ. ಯಾರೋ ಒಬ್ಬ ಕೆತ್ತನೆಗಾರ ಈ ರೆಪ್ಪೆಯನ್ನು ಮೊದಲು ಉಕ್ಕಿನ ಠಸೆಯಲ್ಲಿ ಕೆತ್ತಿರಬೇಕು, ಐದು ನಿಮಿಷದಲ್ಲಿ ಮಕ್ಕಳು ಕಡಿದು ಮುಗಿಸುವ ಮೊಲಕ್ಕೆ. ಅಂಚಿನಲ್ಲಿ ಚೂಪಾದ ಅಕ್ಷರ: ಆಂಟನ್ ರೈಷೆ, ಡ್ರೆಸ್ಡೆನ್. ಪಕ್ಕದಲ್ಲಿ ಐದಂಕಿಯ ಸಂಖ್ಯೆ.

ಆ ಸಂಖ್ಯೆಯ ಜೋಡಿ ಹೋಳು ಡಬ್ಬದಲ್ಲಿರಲಿಲ್ಲ. ಮಾರುವವನು ತಾನೂ ಹುಡುಕಿದ, ಪಕ್ಕದ ಬುಟ್ಟಿಯನ್ನೂ ಬೋರಲು ಹಾಕಿದ. ಕೊನೆಗೆ ಬೇರೆ ಸಂಖ್ಯೆಯ, ಹೆಚ್ಚುಕಡಿಮೆ ಅದೇ ಎತ್ತರದ ಇನ್ನೊಂದು ಅರೆಮೊಲವನ್ನು ತಂದು, ಎರಡನ್ನೂ ಸೇರಿಸಿ ಕ್ಲಿಪ್ಪು ಹಾಕಿ, ಏನೂ ಆಗದವನಂತೆ ನನ್ನ ಮುಂದಿಟ್ಟ. ಹೀಗೆ ಬೇರೆ ಬೇರೆ ಸಂಸಾರದ ಹೋಳುಗಳಿಗೆ ಮದುವೆ ಮಾಡಿ ಮಾರುವುದು ಈ ಕಸುಬಿನಲ್ಲಿ ಮಾಮೂಲು. ಕ್ಲಿಪ್ಪು ಬಿಚ್ಚಿ, ಎರಡೂ ಸಂಖ್ಯೆಗಳನ್ನು ಬೆರಳಿಟ್ಟು ತೋರಿಸಿದೆ. ಅವನು ನಕ್ಕು ಬೆಲೆಯನ್ನು ಮೂರನೇ ಒಂದಕ್ಕೆ ಇಳಿಸಿದ. ಎರಡನ್ನೂ ಕೊಂಡೆ.

“ತಪ್ಪು ಜೋಡಿ ಅಂತ ಗೊತ್ತಿದ್ದೂ ತಗೊಂಡ್ರಾ?” ಎಂದ ಹುಡುಗ ಟ್ರಾಮಿನಲ್ಲಿ.

“ಗೊತ್ತಿಲ್ಲದೆ ತಗೊಂಡಿದ್ದೂ ಒಂದು ಮನೇಲಿದೆ.”

ಸಂಜೆ ಸೊಸೆ ಚಪಾತಿ ಹಿಟ್ಟು ಕಲಸಿಟ್ಟಿದ್ದಳು. ಅಚ್ಚಿನ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯಲು ಹಿಟ್ಟೋ ಜೇಡಿಯೋ ಒತ್ತಿ ನೋಡುವುದೇ ಸರಿ. ತಗ್ಗನ್ನು ನೋಡುತ್ತ ಉಬ್ಬನ್ನು ಊಹಿಸುವ ಕಣ್ಣು ಎಲ್ಲರಿಗೂ ಇರುವುದಿಲ್ಲ, ನನಗಂತೂ ಇಲ್ಲ. ಎರಡೂ ಹೋಳನ್ನು ತೊಳೆದು ಒರೆಸಿ, ಎಣ್ಣೆ ಸವರಿ, ಹಿಟ್ಟು ತುಂಬಿ, ಒಂದಕ್ಕೊಂದು ಒತ್ತಿ, ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ಬಿಡಿಸಿದೆ. ಅಡುಗೆಕಟ್ಟೆಯ ಮೇಲೆ ಗೋಧಿಹಿಟ್ಟಿನ ಮೊಲ ಎದ್ದು ಕೂತಿತು. ಒಂದು ಕಿವಿ ಇನ್ನೊಂದಕ್ಕಿಂತ ಬೆರಳಗಲ ಎತ್ತರ. ಈ ಬದಿಗೆ ಬೆನ್ನ ಮೇಲೆ ಬುಟ್ಟಿ, ಆ ಬದಿಗೆ ಬರೀ ಬೆನ್ನು.

ಐದು ವರ್ಷದ ಪುಟ್ಟಿ ಕುರ್ಚಿ ಹತ್ತಿ ನಿಂತು ಅದನ್ನು ಒಂದು ಸುತ್ತು ತಿರುಗಿಸಿದಳು. ಇನ್ನೊಂದು ಸುತ್ತು ತಿರುಗಿಸಿದಳು.

“ಅಜ್ಜೀ, ಈ ಕಡೆಯಿಂದ ಸಂತೆಗೆ ಹೋಗ್ತಿದೆ” ಎಂದಳು. ಬುಟ್ಟಿಯಿಲ್ಲದ ಬದಿಯನ್ನು ನನ್ನ ಕಡೆ ತಿರುಗಿಸಿ, “ಈ ಕಡೆಯಿಂದ ಎಲ್ಲಾ ಮಾರಿ ವಾಪಸ್ ಬರ್ತಿದೆ” ಎಂದಳು.